ಅತ್ತೆಯ ಹಳೇ ಸೀರೆ

ಹೊಸ ಕಾರಿನ ಮೇಲೆ ಧೂಳು ಕೂರಲೂ ಅವನು ಬಿಡುತ್ತಿರಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ಕಾರು ತೊಳೆದು ನಿಂತರೆ, ಒರೆಸಲು ಯಾವ ಬಟ್ಟೆಯೂ ಮನಸ್ಸಿಗೆ ಹಿಡಿಸಲಿಲ್ಲ. ಟವೆಲ್ ನೂಲು ಬಿಟ್ಟಿತು. ಅಂಗಡಿಯವನು ಹೊಗಳಿ ಕೊಟ್ಟ ಬಟ್ಟೆ ಗೆರೆ ಉಳಿಸಿತು. ಕೊನೆಗೆ ಬೀರುವಿನಲ್ಲಿ ಅತ್ತೆಯ ಹಳೆಯ ಹತ್ತಿ ಸೀರೆಯೊಂದು ಸಿಕ್ಕಿತು. ಮುಟ್ಟಿದರೆ ಬೆಣ್ಣೆ!

ಅಷ್ಟರಲ್ಲಿ ಹೆಂಡತಿ ಓಡಿ ಬಂದು ಕಸಿದುಕೊಂಡಳು. "ಇದನ್ನ ಮಾತ್ರ ಮುಟ್ಟಬೇಡಿ!"

"ಸವೆದು ಹೋಗಿರೋ ಸೀರೆ ಕಣೇ, ನೀನಂತೂ ಉಡಲ್ಲ."

"ನಿನ್ನೆ ತಾನೇ ಅಮ್ಮನ್ನ ಕೇಳಿ ಇಸ್ಕೊಂಡು ಬಂದಿದ್ದೀನಿ."

"ಹಳೇ ಸೀರೇನ ಕೇಳಿ ತಂದ್ಯಾ? ನನ್ನ ಕಾರಿಗಿಂತ ನಾಜೂಕು ಮೈ ಈ ಮನೇಲಿ ಇನ್ಯಾರದೇ?"

ಅವಳು ಸೀರೆಯನ್ನು ಹೊಟ್ಟೆಗೆ ಅವಚಿಕೊಂಡು ನಕ್ಕಳು.

"ಹುಟ್ಟಿದ ಕೂಸನ್ನ ಮೊದಲು ಹಳೇ ಸೀರೇಲೇ ಸುತ್ತೋದು ಕಣ್ರೀ."