ತೆರೆದ ಕಡೆ

ಕಲ್ಲೊಂದು ಸೇಸಪ್ಪನ ಸೈಕಲ್ಲಿನ ಬಲಕ್ಕೆ ಹುಲ್ಲಿನಲ್ಲಿ ಧೊಪ್ಪನೆ ಬಿತ್ತು. ಹಿಂದೆ ಮಂಜಿನೊಳಗಿಂದ ಸಿಳ್ಳೆ ಕೇಳಿತು. ಅದರ ಬೆನ್ನಿಗೇ ನಾಯಿಗಳು ಬೊಗಳಿದವು. ಅವನು ಜೀವ ಕೈಯಲ್ಲಿ ಹಿಡಿದು ಪೆಡಲ್ ತುಳಿದ.

ಮಂಗಳೂರು ಬಿಟ್ಟು ಮೂರನೆಯ ದಿನ. ಘಟ್ಟದ ಮೇಲಿನ ಕಾಫಿ ತೋಟದಲ್ಲಿ ತಂಗಿ ದಮಯಂತಿ ಜ್ವರ ಬಂದು ಮಲಗಿದ್ದಳು. ಯುದ್ಧಕಾಲ, ಪೆಟ್ರೋಲಿಲ್ಲದೆ ಬಸ್ಸು ನಿಂತಿತ್ತು. ಅತ್ತಾವರದ ಡಾಕ್ಟರು ಕೊಟ್ಟ ಮದ್ದಿನ ಕುಪ್ಪಿ ಅವನ ಸೊಂಟದಲ್ಲಿತ್ತು. ಸಂಜೆಯೊಳಗೆ ಅದು ಅವಳಿಗೆ ಮುಟ್ಟಬೇಕು. ರಸ್ತೆ ಸುತ್ತು ಎಂದು ಈ ಹುಲ್ಲುಗಾವಲಿನ ಕಣಿವೆಗೆ ನುಗ್ಗಿದ್ದು ಅವನದೇ ಜಾಣತನ. ಬೋಳಾರದಲ್ಲಿ ಸೈಕಲ್ ಬಾಡಿಗೆಗೆ ಕೊಟ್ಟ ರುಡೊಲ್ಫ್ ಮೊದಲೇ ಎಚ್ಚರಿಸಿದ್ದ: "ಅಲ್ಲಿ ಕುರಿ ಮೇಯಿಸುವವರು ಅಲೆಯುತ್ತಾ ಇರ್ತಾರೆ. ಒಂಟಿ ಸಿಕ್ಕಿದ್ರೆ ಬಿಡುದಿಲ್ಲ ಮಾರಾಯ."

ಇನ್ನೊಂದು ಕಲ್ಲು. ಅದೂ ಬಲಕ್ಕೇ. ನಾಯಿಗಳು ಹಿಂದೆ, ಕಂಬಳಿ ಹೊದ್ದ ಮೂವರೂ ಹಿಂದೆ. ಎಡಗಡೆ ಮಾತ್ರ ಯಾರೂ ಇಲ್ಲ.

ಈ ಆಟ ಸೇಸಪ್ಪನಿಗೆ ಗೊತ್ತಿಲ್ಲದ್ದೇ? ಬುದ್ಧಿ ಬಂದಾಗಿನಿಂದ ಕಡಲಿನಲ್ಲಿ ಮಾಡಿದ್ದೇ ಇದನ್ನು. ದೋಣಿಯಿಂದ ನೀರಿಗೆ ಬಡಿದು, ಗದ್ದಲವೆಬ್ಬಿಸಿ ಮೀನನ್ನು ಬೆದರಿಸುವುದು. ಒಂದು ಕಡೆ ಮಾತ್ರ ತೆರೆದಿಡುವುದು. ಬಲೆ ಇರುವುದು ಆ ತೆರೆದ ಕಡೆಯಲ್ಲೇ.

"ನನ್ನ ಹತ್ರ ಎಂತದ್ದೂ ಇಲ್ಲ ಮಾರಾಯ್ರೆ! ತಂಗಿಯ ಮದ್ದು ಮಾತ್ರ ಉಂಟು!" ಎಂದು ಕೂಗಿದ.

ಹಿಂದಿನಿಂದ ಮುದುಕನೊಬ್ಬ ಗಂಟಲು ಹರಿಯುವಂತೆ ಅರಚಿದ: "ಇಬ್ಬರು ಇಲ್ಲೇ ಹೋದ್ರು! ಇವನನ್ನ ಬಿಡಬ್ಯಾಡ್ರೋ!"

ಮೀನಿಗಿಲ್ಲದ ಬುದ್ಧಿ ತನಗಿದೆಯಲ್ಲ! ಸೇಸಪ್ಪ ಹ್ಯಾಂಡಲನ್ನು ಸರಕ್ಕನೆ ಬಲಕ್ಕೆ ತಿರುಗಿಸಿದ. ಕಲ್ಲಿನ ಮಳೆಯೇ ಸುರಿಯಿತು. ಒಂದೂ ಮೈಗೆ ತಾಗಲಿಲ್ಲ. ವಿಚಿತ್ರವೆಂದರೆ, ಈಗ ಅವು ಬಿದ್ದ ಸದ್ದೂ ಕೇಳಲಿಲ್ಲ.

ಅಷ್ಟರಲ್ಲಿ ನಾಯಿಯೊಂದು ಹಾರಿ ಅವನ ಪಂಚೆಗೆ ಬಾಯಿ ಹಾಕಿತು. ಸೈಕಲ್ ಮಗುಚಿತು. ಬೋರಲು ಬಿದ್ದವನ ಕಾಲುಗಳನ್ನು ಮುದುಕ ಬಂದು ಅಪ್ಪಿ ಹಿಡಿದ. ಮುಗಿಯಿತು ಕಥೆ ಎಂದುಕೊಂಡ ಸೇಸಪ್ಪ ಕುಪ್ಪಿಯನ್ನು ಮುಷ್ಟಿಯಲ್ಲಿ ಬಿಗಿದು, ತಂಗಿಯನ್ನು ನೆನೆದು ಅತ್ತೇಬಿಟ್ಟ.

"ಅಲುಗಾಡಬ್ಯಾಡ," ಎಂದ ಮುದುಕ. ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದ.

ಗಾಳಿ ಬೀಸಿ ಮಂಜು ಸರಿಯಿತು. ಸೇಸಪ್ಪ ಮೆಲ್ಲನೆ ತಲೆಯೆತ್ತಿದ.

ಸೈಕಲ್ಲಿನ ಮುಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಅದರ ಕೆಳಗೆ ನೆಲವೇ ಇರಲಿಲ್ಲ.