ಎರಡಕ್ಷರದ "ತೆಗೆ"

ಅದೊಂದು ಆಸ್ಪತ್ರೆ... ಗಂಟಲಿನ ಆಪರೇಷನ್ನಿನಲ್ಲಿ ಮಾತು ಕಳೆದುಕೊಳ್ಳಲಿರುವವರ ದನಿಯನ್ನು ಮೊದಲೇ ರೆಕಾರ್ಡ್ ಮಾಡಿ ಅಲ್ಲಿ ಕಾಪಾಡಿ ಇಡುತ್ತಿದ್ದರು.

ಅದಕ್ಕೊಂದು ಕಂಪ್ಯೂಟರ್ ಟೂಲ್ ಬರೆದುಕೊಟ್ಟವನು ಶ್ರೀವತ್ಸ. ಬಟನ್ ಇಲ್ಲ, ಬಣ್ಣ ಇಲ್ಲ... ಕಪ್ಪು ಸ್ಕ್ರೀನಿನಲ್ಲಿ ಕನ್ನಡದ ಒಂದು ಪದ, ಪಕ್ಕದಲ್ಲಿ ಪೇಷೆಂಟ್ ಹೆಸರು. ಟೈಪ್ ಮಾಡಿದರೆ ಕೆಲಸ ಮುಗೀತು.

ಹಾಕು. ಕೇಳು. ತೆಗೆ.

ಎಲ್ಲವೂ ಎರಡೇ ಅಕ್ಷರ. ಅದೇ ಅವನ ಹೆಮ್ಮೆ.

ದನಿ ರೆಕಾರ್ಡ್ ಮಾಡುವ ವಾರಿಜಾ ಮೇಡಂ ಮೊದಲ ದಿನವೇ ಹುಬ್ಬು ಗಂಟಿಕ್ಕಿದರು.

"ಸರ್, ಇದು ಬಾಗಿಲು ತೆಗಿ ಅನ್ನೋ ತೆಗೆನಾ, ಕಸ ತೆಗಿ ಅನ್ನೋ ತೆಗೆನಾ?"

"ಕಸ ತೆಗಿ, ಮೇಡಂ. ಡಿಲೀಟ್ ಆಗುತ್ತೆ."

"ಯಾರಾದ್ರೂ ಓಪನ್ ಮಾಡೋಕೆ ಅಂತ ಹೊಡೆದುಬಿಟ್ರೆ? ಅಳಿಸೋ ಮುಂಚೆ ಒಂದ್ಸಲ 'ನಿಜವಾಗ್ಲೂನಾ' ಅಂತಾದ್ರೂ ಕೇಳ್ಲಿ..."

"ಕಂಪ್ಯೂಟರೂ ಅತ್ತೆ ಥರ ಪ್ರತಿಯೊಂದಕ್ಕೂ ಪ್ರಶ್ನೆ ಕೇಳ್ಬೇಕಾ ಮೇಡಂ?" ಶ್ರೀವತ್ಸ ನಕ್ಕ.

ಮೇಡಂ ನಗಲಿಲ್ಲ...

ಕೆಲವು ತಿಂಗಳಾದ ಮೇಲೆ ಕಮಲಾಕ್ಷಮ್ಮ ಬಂದರು. ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದವರು. ಅವರ ದನಿ ಕೇಳಿ ಓಡಿಬಂದು ಬಸ್ಸು ಹತ್ತದವರು ಆ ಊರಲ್ಲೇ ಇಲ್ಲ.

ಮಗಳು ರೋಹಿಣಿ ಬಸುರಿ. ಹುಟ್ಟಲಿರುವ ಮೊಮ್ಮಗುವಿಗೆಂದು ಕಮಲಾಕ್ಷಮ್ಮ ಒಂದು ಜೋಗುಳ ಹಾಡಿ ರೆಕಾರ್ಡ್ ಮಾಡಿಸಿದರು.

ಆಪರೇಷನ್ ಆಯಿತು. ಜೀವ ಉಳಿಯಿತು... ದನಿ ಹೋಯಿತು.

ಡಿಸ್ಚಾರ್ಜ್ ದಿನ ತಾಯಿ ಮಗಳು ಜೋಗುಳ ಕೇಳಲು ಬಂದರು. ವಾರಿಜಾ ಮೇಡಂ ವಾರ್ಡಿನಲ್ಲಿದ್ದರು. ಟೂಲ್ ನೋಡಲು ಬಂದಿದ್ದ ಶ್ರೀವತ್ಸನೇ ಕಂಪ್ಯೂಟರಿನ ಮುಂದೆ ಕೂತ.

"ಬೇಗ ತೆಗೀರಿ ಸಾರ್... ಅಮ್ಮನ ಫೈಲ್ ತೆಗೀರಿ," ಅಂದಳು ರೋಹಿಣಿ.

ಕಿವಿ ಕೇಳಿಸಿಕೊಂಡದ್ದನ್ನೇ ಬೆರಳು ಬರೆಯಿತು.

ತೆಗೆ ಕಮಲಾಕ್ಷಮ್ಮ.

ಸ್ಕ್ರೀನಿನಲ್ಲಿ ಒಂದೇ ಪದ ಬಂತು: "ತೆಗೆಯಲಾಯಿತು."

ಶ್ರೀವತ್ಸ ಮುಗುಳ್ನಕ್ಕು ಸ್ಪೀಕರ್ ಜೋರು ಮಾಡಿದ.

ಸದ್ದಿಲ್ಲ...

ಇನ್ನಷ್ಟು ಜೋರು ಮಾಡಿದ. ಗುಂಯ್ ಎನ್ನುವ ಖಾಲಿ ಸ್ಪೀಕರ್ ಬಿಟ್ಟರೆ ಏನೂ ಇಲ್ಲ.

ಆಗ ಅವನು ಸ್ಕ್ರೀನಿನ ಮೇಲಿದ್ದ ಪದವನ್ನು ಮತ್ತೊಮ್ಮೆ ಓದಿದ.

"ಯಾಕ್ ಸಾರ್, ಓಪನ್ ಆಗ್ಲಿಲ್ವಾ?"

ಇನ್ನೊಂದು ಕಾಪಿ ಇರಲಿಲ್ಲ. "ಬ್ಯಾಕಪ್ ಆಮೇಲೆ ನೋಡೋಣ" ಅಂದಿದ್ದವನೂ ಅವನೇ. ಆಸ್ಪತ್ರೆಯಲ್ಲಿ ಭದ್ರವಾಗಿದೆ ಅಂತ ರೋಹಿಣಿ ಫೋನಿನಲ್ಲಿ ಇಟ್ಟುಕೊಂಡಿರಲಿಲ್ಲ.

ಮಾತು ಆಡಿದರೆ ಹೋಯ್ತು ಅಂತಾರೆ ಹಿರಿಯರು. ಇಲ್ಲಿ ಟೈಪ್ ಮಾಡಿದ್ದಕ್ಕೇ ಹೋಗಿತ್ತು.

ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ರೋಹಿಣಿ ಅಲ್ಲೇ ನೆಲದ ಮೇಲೆ ಕೂತಳು.

ಕಮಲಾಕ್ಷಮ್ಮ ಬಾಯಿ ತೆರೆದರು... ಬರೀ ಗಾಳಿ ಬಂತು.

ಬಯ್ಯಲೂ ದನಿ ಇಲ್ಲ.

ಅವರು ಮಗಳ ಪಕ್ಕ ಕೂತು, ಅವಳ ಹೊಟ್ಟೆಯ ಮೇಲೆ ಮೆಲ್ಲಗೆ ತಟ್ಟತೊಡಗಿದರು... ಅದೇ ಜೋಗುಳದ ತಾಳ. ಹಾಡಿಲ್ಲದ ತಾಳ.



ಮಾರನೇ ದಿನ ಅವನು "ತೆಗೆ" ಕಿತ್ತುಹಾಕಿ "ಅಳಿಸು" ಅಂತ ಬರೆದ. ಅದರ ಹಿಂದೆಯೇ ಒಂದು ಪ್ರಶ್ನೆ: "ನಿಜವಾಗಲೂ?"

ವಾರಿಜಾ ಮೇಡಂ ಅದನ್ನು ಓದಿದರು. "ಸರ್... ಅಳಿಸು ಅನ್ನೋದಕ್ಕೂ ಎರಡು ಅರ್ಥ ಇದೆ. ಒರೆಸಿಹಾಕು ಅಂತಾನೂ ಆಗುತ್ತೆ, ಅಳೋ ಹಾಗೆ ಮಾಡು ಅಂತಾನೂ ಆಗುತ್ತೆ."

"ಗೊತ್ತು ಮೇಡಂ," ಅಂದ ಶ್ರೀವತ್ಸ. "ಎರಡೂ ನಿಜಾನೇ. ಇರಲಿ ಬಿಡಿ."

ಮಾತು ಚಿಕ್ಕದಾದರೆ ಸಾಲದು... ಕೇಳಿದವರಿಗೆ ದಾರಿ ತಪ್ಪದಂತಿರಬೇಕು.

ಇವತ್ತು ನೀವು ಅವಸರದಲ್ಲಿ ಆಡಿದ ಎರಡಕ್ಷರ, ಮನೆಯಲ್ಲಿ ಯಾರಿಗೆ ಯಾವ ಅರ್ಥದಲ್ಲಿ ಕೇಳಿಸಿರಬಹುದು?