ಮಗ್ಗದಲ್ಲಿ ಎಚ್ಚರಾದ ವಾಚು

ಮುನಾವರ ಅರಿವೆಯ ಗಂಟು ಬಿಚ್ಚಿದ. ಸೀರೆ ವ್ಯಾಪಾರ ಬಿದ್ದಾಗ, ಮುಂದೆ ಬೆಲೆ ಏರುತ್ತದೆಂದು ನಂಬಿ ಕೊಂಡಿಟ್ಟ ವಿದೇಶಿ ವಾಚು ನಿಂತುಬಿಟ್ಟಿತ್ತು. ಅಂಥದ್ದೇ ಇನ್ನೊಂದು ಕೊಳ್ಳಲು ಮನೆಯ ಮಗ್ಗವನ್ನೂ ಸಾವ್ಕಾರರೊಬ್ಬರಿಗೆ ಮಾರಲು ಒಪ್ಪಿದ್ದ. ಅದನ್ನು ಒಯ್ಯುವವರು ಮಧ್ಯಾಹ್ನ ಗಜೇಂದ್ರಗಡದ ಅವನ ಮನೆಗೆ ಬರುವವರಿದ್ದರು.

“ಸೆಲ್ ಹೋಗೇತೇನ್ರಿ?” ಎಂದಳು ಮಗ್ಗದಲ್ಲಿ ಕೂತಿದ್ದ ಹೆಂಡತಿ ಇಷ್ರತ.

“ಇದಕ್ಕ ಸೆಲ್ ಇಲ್ಲ. ಕಟ್ಟಿದ ಕೈ ಆಡಿದ್ರ ನಡೀತೈತಿ ಅಂದಿದ್ದ ಮಾರಿದಾಂವ. ಸವದೀತು ಅಂತ ನಾ ಟ್ರಂಕಿನ್ಯಾಗ ಇಟ್ಟಿದ್ದೆ.”

“ಅಯ್ಯ, ಕೂಸಿನಂಗ ಸುತ್ತಿ ಮಲಗಿಸೀರಿ, ಅದೂ ಮಲಗೇತಿ! ತರ್ರಿ ಇಲ್ಲೆ.”

ಬಳೆಗಳ ಪಕ್ಕ ವಾಚು ಕಟ್ಟಿಕೊಂಡು ಅವಳು ಹಗ್ಗ ಜಗ್ಗಿದಳು. ಲಾಳಿ ಅತ್ತಿಂದಿತ್ತ ಓಡಿತು. ಬೆರಳಗಲ ಸೀರೆ ನೇಯುವಷ್ಟರಲ್ಲಿ ಸೆಕೆಂಡಿನ ಮುಳ್ಳು ಸರಿಯತೊಡಗಿತು.

“ಎದ್ದೈತಿ ನೋಡ್ರಿ!”

ಮುನಾವರ ಆ ಕೈಯನ್ನೇ ನೋಡುತ್ತ ನಿಂತ. ಆಮೇಲೆ ಫೋನು ತೆಗೆದ. “ಸಾವ್ಕಾರ್ರ, ತಪ್ಪು ತಿಳೀಬ್ಯಾಡ್ರಿ, ಮಗ್ಗ ಕೊಡೂದಿಲ್ಲ. ವಾಚ್ ಕೊಳ್ಳೋರಿದ್ರ ಕಳಸ್ರಿ. ನೂಲು ತರೂದೈತಿ.”

“ಹಂಗಾರ ಅವರು ಬರೂತನಕ ಕೈ ನಿಲ್ಸೂದಿಲ್ಲ ನಾ,” ಎಂದು ನಗುತ್ತ ಇಷ್ರತ ಮತ್ತೆ ಹಗ್ಗ ಜಗ್ಗಿದಳು.